ಮೇಲಿನ ಗದ್ದೆ ಮೊದಲು

ಜನವರಿ 24

ಡಾಕ್ಟರು ಇವತ್ತು ಖಡಾಖಂಡಿತವಾಗಿ ಹೇಳಿಬಿಟ್ಟರು. ಬೆನ್ನುಮೂಳೆ ಕೂಡಿಕೊಳ್ಳುವ ತನಕ, ಅಂದರೆ ಈ ಬೇಸಿಗೆ ಬೆಳೆ ಕೈಗೆ ಬರುವ ತನಕ, ಇವರು ಹಾಸಿಗೆ ಬಿಟ್ಟು ಏಳಬಾರದು. ಟಿಲ್ಲರನ್ನು ಬದು ಹತ್ತಿಸುವಾಗ ಹಿಂದಕ್ಕೆ ಬಿದ್ದವರು ಉಳಿದದ್ದೇ ಹೆಚ್ಚು ಎಂದು ನಾನು ಅಂದುಕೊಳ್ಳುತ್ತಿದ್ದರೆ, ಇವರ ಜೀವವೆಲ್ಲ ಗದ್ದೆಯಲ್ಲೇ ಇದೆ. ಶಿವಮೊಗ್ಗದಿಂದ ವ್ಯಾನಿನಲ್ಲಿ ಮಲಗಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಅದೇ ಮಾತು. ತರೀಕೆರೆ ದಾಟಿ ಲಕ್ಕವಳ್ಳಿ ರಸ್ತೆಗೆ ಹೊರಳುವಾಗ, ನೀರು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ನಾನು ಎಂದೆ. ನಗಲು ಹೋಗಿ, ನೋವಾಗಿ ಸುಮ್ಮನಾದರು.

ನಗುವುದಕ್ಕೆ ಕಾರಣವಿದೆ. ಮದುವೆಯಾಗಿ ಬಂದಾಗಿನಿಂದ ನಾನು ನಾಟಿ ಮಾಡಿದ್ದೇನೆ, ಕಳೆ ಕಿತ್ತಿದ್ದೇನೆ, ತೂರಿದ್ದೇನೆ. ನೀರು ಕಟ್ಟುವುದು ಮಾತ್ರ ಈ ಊರಲ್ಲಿ ಗಂಡಸರ ಕೆಲಸ. ಅದೂ ಅಲ್ಲದೆ ನಾನು ಅಜ್ಜಂಪುರದ ಕಡೆಯ ಬಯಲುಸೀಮೆಯವಳು. ಈರುಳ್ಳಿ ಹೊಲಕ್ಕೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನೀರನ್ನು ಕಂಡರಿಯದವಳು ಎಂದು ಇಲ್ಲಿಯವರು ಇಂದಿಗೂ ಕಾಲೆಳೆಯುತ್ತಾರೆ. ಮಗಳು ಅಶ್ವಿನಿಗೆ ಕಡೂರಿನಲ್ಲಿ ಬಿ.ಎಡ್. ಪರೀಕ್ಷೆ ಹತ್ತಿರ. ಅವಳನ್ನು ಕರೆಯುವುದಿಲ್ಲ. ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿ 8

ನಾಟಿ ಮುಗಿಯಿತು. ಊರಿಗೆಲ್ಲ ನಮ್ಮದೇ ಕಡೆಯದು. ಉಚ್ಚಂಗಮ್ಮನ ಗುಂಪಿನ ಹೆಂಗಸರು ಬೇರೆಲ್ಲ ಗದ್ದೆ ಮುಗಿಸಿಕೊಂಡು ಬಂದರು. ಕೆಳಗಿನ ಗದ್ದೆಯವರಂತೂ ನಾಲೆಗೆ ನೀರು ಬಿಟ್ಟ ವಾರದಲ್ಲೇ ನೆಟ್ಟು, ಈಗ ಹಸಿರು ತಿರುಗಿದ ಪೈರು ನೋಡಿಕೊಂಡು ಓಡಾಡುತ್ತಿದ್ದಾರೆ.

ಸಂಜೆ ಇವರಿಂದ ನೀರಿನ ಪಾಠ. ನಾಲೆಯ ತೂಬಿನಿಂದ ಬರುವ ಕಾಲುವೆ ನಮ್ಮ ಗದ್ದೆಯ ಮಗ್ಗುಲಲ್ಲಿ ಹಾದು ಮುಂದೆ ಅಡಿಕೆ ತೋಟಗಳಿಗೆ ಹೋಗುತ್ತದೆ. ಪಾಳಿ ಬಂದ ದಿನ ಕಾಲುವೆಯಿಂದ ನಮ್ಮ ಗದ್ದೆಗೆ ನೀರು ತಿರುಗಿಸಿಕೊಳ್ಳಬೇಕು. ನಮ್ಮದು ತುಂಬಿದ ಮೇಲೆ ಕೆಳಬದುವಿನ ಮಡೆಯಿಂದ, ಅಂದರೆ ನೀರು ಇಳಿಯಲು ಬಿಟ್ಟ ಕಂಡಿಯಿಂದ, ಹರಿದು ಗುಲಾಮ್ ಮೊಹಿದ್ದೀನರ ಗದ್ದೆಗೆ ಇಳಿಯುತ್ತದೆ. ಅವರಿಗೆ ಕಾಲುವೆಯ ಕಡೆ ಬೇರೆ ಬಾಯಿಯಿಲ್ಲ. ಹಳ್ಳದಲ್ಲಿ ಒಂದು ಮೋಟರು ಇಟ್ಟುಕೊಂಡಿದ್ದಾರೆ. ನಮ್ಮ ಮಾವನವರೂ ಅವರ ತಂದೆಯೂ ಮಾತಾಡಿಕೊಂಡದ್ದು ಇಷ್ಟು: ಮೇಲಿನ ಗದ್ದೆ ಮೊದಲು, ಆಮೇಲೆ ಕೆಳಗಿನದು. ಮೇಲಿನವರ ಮಡೆಗೆ ಕೆಳಗಿನವರು ಕೈ ಹಚ್ಚುವ ಹಾಗಿಲ್ಲ. ಇವತ್ತಿನವರೆಗೂ ಒಂದು ಜಗಳವಾಗಿಲ್ಲವಂತೆ.

ಕೊನೆಗೆ ಇವರು ಅಂದದ್ದು: "ಗದ್ದೇಲಿ ಮಣ್ಣು ಕಾಣಿಸ್ಬಾರ್ದು ಕಣೇ. ಭತ್ತ ಅಂದ್ರೆ ನೀರು. ಅಷ್ಟು ತಿಳ್ಕೊಂಡ್ರೆ ಸಾಕು."

ಫೆಬ್ರವರಿ 19

ಭತ್ತದ ಯೋಜನೆಯ ಹುಡುಗಿ ನಿಶ್ಚಿತಾ ಸ್ಕೂಟರಿನಲ್ಲಿ ಬಂದಿದ್ದಳು. ಕೈಯಲ್ಲಿ ಒಂದು ಪಿ.ವಿ.ಸಿ. ಪೈಪಿನ ತುಂಡು, ಅದರ ಸುತ್ತ ತೂತು. ಊರಿನ ಗಂಡಸರೆಲ್ಲ ಮಾತು ಮುಗಿಸಲೂ ಬಿಡದೆ ಬೇಡವೆಂದು ಕಳಿಸಿದ ಮೇಲೆ ನನ್ನ ಹತ್ತಿರ ಬಂದಿದ್ದಾಳೆ. ಅದನ್ನು ಮುಚ್ಚಿಡದೆ ಹೇಳಿದ್ದಕ್ಕೇ ನನಗೆ ಇಷ್ಟವಾದಳು.

ಪೈಪನ್ನು ಗದ್ದೆಯಲ್ಲಿ ಒಂದು ಗೇಣು ಆಳಕ್ಕೆ ಹೂತು, ಒಳಗಿನ ಮಣ್ಣು ತೆಗೆದುಬಿಡಬೇಕು. ಮೇಲೆ ನೀರು ಇಂಗಿ ಹೋದರೂ ಪೈಪಿನೊಳಗೆ ಬಗ್ಗಿ ನೋಡಿದರೆ ಬೇರಿನ ಮಟ್ಟದಲ್ಲಿ ನೀರು ಕಾಣುತ್ತದೆ. ಅದೂ ತಳ ಮುಟ್ಟಿದ ಮೇಲೆಯೇ ಮತ್ತೆ ನೀರು ಬಿಡುವುದು. ತೆನೆ ಹೊರಡುವ ಹೊತ್ತಿನಲ್ಲಿ ಮಾತ್ರ ಒಣಗಿಸುವಂತಿಲ್ಲ, ಆಗ ನೀರು ನಿಂತೇ ಇರಬೇಕು. ಹೀಗೆ ಒಣಗಿಸುತ್ತ ನೆನೆಸುತ್ತ ಬೆಳೆದರೆ ಬೇರು ಗಟ್ಟಿಯಾಗುತ್ತದಂತೆ, ಗದ್ದೆಯಿಂದ ಏಳುವ ಕೆಟ್ಟ ಗಾಳಿ ಕಡಿಮೆಯಾಗುತ್ತದಂತೆ, ನೀರಂತೂ ಬಹಳ ಉಳಿಯುತ್ತದಂತೆ.

ನೀರು ಉಳಿಯುತ್ತದೆ ಎಂದ ಕೂಡಲೇ ನನ್ನೊಳಗಿನ ಅಜ್ಜಂಪುರದ ಹುಡುಗಿ ಎದ್ದು ಕೂತಳು. ಹೂಂ ಅಂದುಬಿಟ್ಟೆ. ಇವರಿಗೆ ಹೇಳಲಿಲ್ಲ. ಕೇಳಿದರೆ ಹಾಸಿಗೆಯಿಂದಲೇ ಕೋಲು ತೆಗೆದುಕೊಳ್ಳುತ್ತಾರೆ.

ಮಾರ್ಚ್ 2

ಬೆಳಿಗ್ಗೆ ಗದ್ದೆಗೆ ಹೋದವಳು ಬದುವಿನ ಮೇಲೆ ಹಾಗೇ ನಿಂತುಬಿಟ್ಟೆ. ನೀರು ಪೂರ್ತಿ ಇಂಗಿದೆ. ಮಣ್ಣು ಸಣ್ಣಗೆ ಬಿರಿದಿದೆ. ನಾನೇ ಮಾಡಿದ ಕೆಲಸ, ಹೀಗೇ ಆಗಬೇಕೆಂದು ಗೊತ್ತಿದ್ದ ಕೆಲಸ, ಆದರೂ ತಡೆಯಲಾಗದೆ ಗದ್ದೆಗೆ ಇಳಿದೆ. ಪೈಪಿನ ಬಳಿ ಕೂತು ಬಗ್ಗಿ ನೋಡಿದೆ. ಒಳಗೆ, ಬೇರಿನ ಹತ್ತಿರ, ನೀರಿತ್ತು.

ಉಚ್ಚಂಗಮ್ಮ ಕಳೆ ಕೀಳಲು ಬಂದವಳು ಗದ್ದೆ ನೋಡಿ, ಇದೇನು ನನ್ನ ಹಿಮ್ಮಡಿ ಬಿರಿದ ಹಾಗೆ ಬಿರಿದಿದೆಯಲ್ಲ ಎಂದು ಮೂಗಿನ ಮೇಲೆ ಬೆರಳಿಟ್ಟಳು. ಯಜಮಾನರ ಕಿವಿಗೆ ಹಾಕಬೇಡ ಎಂದು ಕೈ ಮುಗಿದೆ.

ಮನೆಗೆ ಬಂದ ಕೂಡಲೇ ಇವರ ಪ್ರಶ್ನೆ, ನೀರು ನಿಂತಿದೆಯಾ. ನಿಂತಿದೆ ಎಂದೆ. ಪೈಪಿನೊಳಗೆ ನಿಂತಿದೆಯಲ್ಲ.

ಮಾರ್ಚ್ 11

ಒಂದು ಬುಡ ಕಿತ್ತು ಬೇರು ನೋಡಿದೆ. ಬೆಳ್ಳಗೆ, ಉದ್ದಕ್ಕೆ ಇಳಿದಿದೆ. ಎಷ್ಟು ಕವಲೊಡೆದಿದೆ! ಕುಣಿಯುವುದೊಂದು ಬಾಕಿ.

ಒಣಗಿಸಿದ ಗದ್ದೆಗೆ ಒಂದು ಸಲ ನೀರು ತೋರಿಸಿ, ಕೆಳಬದುವಿನ ಮಡೆಗೆ ಹಸಿ ಮಣ್ಣು ಮೆತ್ತಿ ಭದ್ರ ಮಾಡಿದೆ, ಹನಿ ಸೋರಬಾರದೆಂದು. ಆಮೇಲಿನ ಪಾಳಿಯಲ್ಲಿ ನೀರು ಬಂದಾಗ ನಮಗೆ ಬೇಡವೆಂದು ಕಾಲುವೆಯ ಬಾಯಿ ಮುಚ್ಚಿ ಮುಂದಕ್ಕೆ ಬಿಟ್ಟೆ. ಕಾಲುವೆಯ ನೀರು ಹಂಚುವ ನೀರುಗಂಟಿ ನನ್ನನ್ನು ತಲೆಕೆಟ್ಟವಳನ್ನು ನೋಡುವ ಹಾಗೆ ನೋಡಿದ. ಬಂದ ನೀರನ್ನು ಬೇಡವೆಂದವರನ್ನು ಅವನು ಕಂಡಿರಲಿಕ್ಕಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ದಾರಿಯಲ್ಲಿ ಒಬ್ಬಳೇ ನಗುತ್ತ ಬಂದೆ. ಕೆಳಗಿನ ಗದ್ದೆಯವರಿಗೆ ಹಳ್ಳದ ಮೋಟರು ಇದ್ದೇ ಇದೆ, ನೋಡಿಕೊಳ್ಳುತ್ತಾರೆ.

ಮಾರ್ಚ್ 15

ಗದ್ದೆಯಲ್ಲಿ ನೀರು!

ಕಾಲುವೆಯ ಬಾಯಿ ನಾನು ಮುಚ್ಚಿದ ಹಾಗೇ ಇದೆ. ಮಳೆ ಬಂದಿಲ್ಲ. ನಿನ್ನೆ ಬಿರಿದಿದ್ದ ಮಣ್ಣು ಇವತ್ತು ಕೆಸರು. ಎಲ್ಲಿಂದ ಬಂತು? ಬದುವಿನ ಸುತ್ತ ತಿರುಗಿ ತಿರುಗಿ ನೋಡಿದೆ. ತಲೆಬುಡ ತಿಳಿಯಲಿಲ್ಲ.

ಮಾರ್ಚ್ 17

ಕೆಳಗಿನ ಗದ್ದೆಯ ಮೊಹಿದ್ದೀನರು ಇವರನ್ನು ನೋಡಲು ಬಂದಿದ್ದರು, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು. ಬಹಳ ಹೊತ್ತು ಕೂತಿದ್ದರು. ನಾನು ಟೀ ಕೊಡುವಾಗ, ಗದ್ದೆಗೆ ನೀರಿಗೇನೂ ತೊಂದರೆ ಇಲ್ಲ ತಾನೇ ಎಂದು ಇವರನ್ನು ಕೇಳಿದರು. ಇವರು ಮಲಗಿದ್ದಲ್ಲಿಂದಲೇ ಜಂಬ ಕೊಚ್ಚಿಕೊಂಡರು: "ಯಾವ ತೊಂದ್ರೆ ಮಾರಾಯ, ನಮ್ಮವಳು ಗದ್ದೆ ತುಂಬ ನೀರು ನಿಲ್ಸವಳೆ."

ಮೊಹಿದ್ದೀನರು ನನ್ನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದರು. ಬಿರಿದ ಗದ್ದೆಯನ್ನು ದಿನವೂ ನೋಡುವ ಮನುಷ್ಯ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ. ಹೋಗುವಾಗ ಬಾಗಿಲ ಹತ್ತಿರ ಮೆಲ್ಲಗೆ, "ಹೆದ್ರಬೇಡ ತಂಗೀ" ಎಂದರು.

ಯಾವುದಕ್ಕೆ ಹೆದರಬಾರದು? ಒಳಗೊಳಗೇ ಏನೋ ನಡೆಸಿದ್ದಾರೆ ಈ ಮನುಷ್ಯ. ನನಗೆ ಅನುಮಾನ ಹತ್ತಿದೆ.

ಮಾರ್ಚ್ 22

ಮತ್ತೆ ಅದೇ ಕತೆ. ಪೈಪಿನಲ್ಲಿ ನೀರು ತಳ ಕಾಣುವ ಹೊತ್ತಿಗೆ ಯಾರೋ ಬಂದು ಗದ್ದೆ ನೆನೆಸಿ ಹೋಗಿದ್ದಾರೆ. ನಿಶ್ಚಿತಾಳ ಮುಖ ಸಪ್ಪೆಯಾಯಿತು. ಹೀಗೆ ಲೆಕ್ಕವಿಲ್ಲದ ನೀರು ಬಂದರೆ ಪ್ರಯೋಗಕ್ಕೆ ಅರ್ಥವೇ ಇಲ್ಲ ಅಕ್ಕಾ ಎಂದಳು. ನನಗೆ ಅಳು ಬಂತು, ಅದರ ಹಿಂದೆ ಸಿಟ್ಟು ಬಂತು. ಹೆಂಗಸು ನೀರು ಕಟ್ಟಿ ಗೆದ್ದಳು ಎನ್ನಿಸಿಕೊಳ್ಳಬಾರದೆಂದು ಯಾರೋ ಬೇಕೆಂದೇ ಮಾಡುತ್ತಿದ್ದಾರೆ. ಸಿಕ್ಕಲಿ.

ಮಾರ್ಚ್ 26

ಇವರೇ ಫೋನು ಮಾಡಿ ಯಾರ ಕೈಲೋ ನೀರು ಬಿಡಿಸುತ್ತಿದ್ದಾರೆ ಎನ್ನಿಸಿತು. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. ಯಾವ ನೀರು, ನೀನೇ ತಾನೇ ಬಿಡುತ್ತಿರುವುದು ಎಂದರು. ಮಾತಿಗೆ ಮಾತು ಬೆಳೆದು ನನ್ನ ಬಾಯಿಂದ ಎಲ್ಲ ಬಂದುಬಿಟ್ಟಿತು. ಪೈಪು, ಒಣಗಿಸಿದ್ದು, ಸುಳ್ಳು ಹೇಳಿದ್ದು.

ಇವರು ಬೈಯಲಿಲ್ಲ. ಎರಡೂ ಕೈ ಊರಿ ಏಳಲು ಹೋದರು. "ನನ್ ಗದ್ದೆ ಒಣಗ್ಸಿದ್ದೀಯಾ?" ಎಂದರು, ಅಷ್ಟೇ. ಆ ದನಿಯನ್ನು ನಾನು ಈ ಮನೆಯಲ್ಲಿ ಕೇಳಿರಲಿಲ್ಲ. ಭುಜ ಹಿಡಿದು ಮಲಗಿಸುವಷ್ಟರಲ್ಲಿ ನೋವಿಗೆ ಮುಖ ಬಿಳಿಚಿಕೊಂಡಿತ್ತು. ಡಾಕ್ಟರಿಗೆ ಫೋನು ಮಾಡಿ, ಮಾತ್ರೆ ಕೊಟ್ಟು, ನಿದ್ದೆ ಬರುವವರೆಗೂ ಕಾಲ ಬಳಿ ಕೂತಿದ್ದೆ.

ಮಾರ್ಚ್ 27

ಬರೆಯಬೇಕೋ ಬೇಡವೋ ಗೊತ್ತಿಲ್ಲ. ಬರೆಯುತ್ತೇನೆ.

ಬೆಳಿಗ್ಗೆ ಗದ್ದೆಯಲ್ಲಿ ಮತ್ತೆ ನೀರು. ಈ ಸಲ ಕೆಳಬದುವಿನ ಮೇಲೆ ಪೈಪು ಎಳೆದ ಗುರುತಿತ್ತು, ಹುಲ್ಲು ಒಂದೇ ಕಡೆಗೆ ಮಲಗಿತ್ತು. ಗುರುತು ಹಿಡಿದು ಇಳಿದೆ. ಕೆಳಗಿನ ಗದ್ದೆಯ ಬದುವಿನ ಮೇಲೆ ಸಾಗಿ ನೆಟ್ಟಗೆ ಹಳ್ಳದ ಮೋಟರಿನ ಹತ್ತಿರ ಹೋಗಿ ನಿಂತಿತು. ಬೆಳಗಿನ ಜಾವ ತ್ರೀಫೇಸ್ ಕರೆಂಟು ಬಂದಾಗ ಮಾಡಿರುವ ಕೆಲಸ. ಕಳ್ಳ ಸಿಕ್ಕಿದ ಎಂದುಕೊಂಡೆ. ಬರುವಾಗ ಹೋಗುವಾಗ ನನ್ನ ಕಣ್ಣು ನೆಲದ ಮೇಲೇ ಇತ್ತು. ಮಗ್ಗುಲಲ್ಲಿದ್ದ ಪೈರಿನ ಕಡೆ ನೋಡಲಿಲ್ಲ.

ಅಲ್ಲಿಂದ ಸೀದಾ ಅವರ ಮನೆಗೆ ಹೋದೆ. ಮೊಹಿದ್ದೀನರು ಇರಲಿಲ್ಲ. ಅವರ ಹೆಂಡತಿ ಶಾಕಿರಾ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಬಾಯಿಗೆ ಬಂದ ಹಾಗೆ ಅಂದೆ. ನಮ್ಮ ಗದ್ದೆಗೆ ಕೈ ಹಾಕಲು ನಿಮ್ಮವರಿಗೆ ಯಾರು ಹೇಳಿದ್ದು, ಮಾಡಿದ ಕೆಲಸವೆಲ್ಲ ನೀರುಪಾಲಾಯಿತು, ಇಷ್ಟು ದಿನದ ನಂಬಿಕೆಗೆ ಇದೇ ಏನು ಮರ್ಯಾದೆ ಎಂದೆ. ಆಚೀಚೆ ಮನೆಯವರು ಹೊರಗೆ ಬಂದು ನಿಂತರು.

ಶಾಕಿರಾ ಮೊರ ಕೆಳಗಿಟ್ಟರು. ಜೋರು ಮಾಡಲಿಲ್ಲ. ನಡೀರಿ ಎಂದು ಮುಂದೆ ಹೊರಟರು. ನಾನು ಹಿಂದೆ ಹೋದೆ. ಅವರ ಗದ್ದೆಯ ನಡುವೆ ನಿಲ್ಲಿಸಿದರು.

ಅವರದು ನಮಗಿಂತ ಮುಂಚಿನ ನಾಟಿ. ತೆನೆ ಹೊರಟು ಹೂವಾಗಿ ಹಾಲು ಕಟ್ಟುವ ಹೊತ್ತು. ತೆನೆಗಳೇನೋ ಹೊರಟಿವೆ, ಅರ್ಧಕ್ಕರ್ಧ ಬಿಳುಚಿಕೊಂಡು ನೆಟ್ಟಗೆ ನಿಂತಿವೆ. ನೆಲದಲ್ಲಿ ಬೆರಳು ಇಳಿಯುವಷ್ಟು ಬಿರುಕು. ಶಾಕಿರಾ ಒಂದು ತೆನೆ ಹಿಡಿದು ಕಾಳು ಒತ್ತಿದರು. ಹಾಲಿಲ್ಲ. ಇನ್ನೊಂದು ಒತ್ತಿದರು. ಅದರಲ್ಲೂ ಇಲ್ಲ.

"ನಿಮ್ ಯಜಮಾನ್ರು ಮಲಗವ್ರೆ, ತೂಬಿನತ್ರ ಹೆಣ್ಮಗಳ ಮಾತು ಯಾರು ಕೇಳ್ತಾರೆ, ಅದಕ್ಕೇ ಅವ್ರ ಗದ್ದೆ ಬಾಯಿ ಬಿಟ್ಟೈತೆ ಅಂದ್ರು ನಮ್ಮೋರು. ಹಳ್ಳದಲ್ಲಿದ್ದ ನೀರೆಲ್ಲ ನಿಮ್ಗೆ ಹೊಡುದ್ರು. ನಿಮ್ದು ತುಂಬಿದ್ ಮೇಲೆ ನಮ್ಗೆ ಇಳೀತದೆ ಅಂತ ಕಾದ್ರು. ಇಳೀಲೇ ಇಲ್ಲ. ಹೂವಾಗೋ ಹೊತ್ತು, ನಮ್ ಗದ್ದೆಗೇ ಬಿಡಿ ಅಂತ ನಾನು ಕಾಲು ಹಿಡ್ದೆ. ಮೇಲಿನ ಗದ್ದೆ ಒಣಗಿರೋವಾಗ ನಾನ್ ಹೆಂಗೆ ಕುಡಿಸ್ಲಿ ಅಂದ್ರು."

ನಾನು ಮೆತ್ತಿದ ಮಡೆಯನ್ನು ಅವರು ನೋಡಿರಲಿಲ್ಲವೇ ಎಂದು ಕೇಳಿದೆ. ಕೇಳಬಾರದಿತ್ತು.

"ನೋಡವ್ರೆ. ಇರೋ ಹನಿ ನೀರು ಉಳಿಸ್ಕೊಳ್ಳೋಕೆ ಮೆತ್ತವ್ರೆ ಪಾಪ, ತುಂಬಿದ್ ಮೇಲೆ ಅವ್ರೇ ಬಿಡ್ತಾರೆ ಅಂದ್ರು."

ಅಲ್ಲೇ ಬಿರಿದ ನೆಲದ ಮೇಲೆ ಕೂತೆ. ಶಾಕಿರಾ ನಿಂತೇ ಇದ್ದರು, ಆಮೇಲೆ ಹೋದರು. ಬೇಕೆಂದೇ ಒಣಗಿಸಿದ್ದು ಎಂದು ಅವರಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಮಾರ್ಚ್ 28

ಮಡೆ ಕಿತ್ತುಹಾಕಿದೆ. ನಮ್ಮ ಗದ್ದೆಯ ನೀರೆಲ್ಲ ಕೆಳಗೆ ಹೋಯಿತು. ಬತ್ತಿದ ತೆನೆಗೆ ಅದರಿಂದ ಏನೂ ಆಗುವುದಿಲ್ಲ, ಗೊತ್ತು.

ಏಪ್ರಿಲ್ 1

ಮೊಹಿದ್ದೀನಣ್ಣ ಗದ್ದೆಯ ಹತ್ತಿರ ಸಿಕ್ಕಿದರು. ಮನೆ ಮುಂದೆ ನಾನು ಕೂಗಾಡಿದ್ದು ಅವರ ಕಿವಿಗೆ ಬಿದ್ದಿದೆ. ಆದರೂ ಅವರೇ ಸಮಾಧಾನ ಮಾಡಿದರು. ಕೇಳದೆ ನೀರು ಬಿಟ್ಟದ್ದು ತಪ್ಪು, ಯಜಮಾನರಿಗೆ ಗೊತ್ತಾಗಿ ಗಾಬರಿಯಾಗದಿರಲಿ ಎಂದು ಸುಮ್ಮನಿದ್ದೆ ಎಂದರು. ನಮ್ಮ ಪೈರಿನ ಮೇಲೆ ಕೈಯಾಡಿಸಿ, "ನಿಮ್ದಾದ್ರೂ ಉಳೀತಲ್ಲ ತಂಗೀ, ಅಷ್ಟು ಸಾಕು" ಎಂದರು.

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ಹೇಳಿದರೆ ಅವರು ಕಳೆದುಕೊಂಡದ್ದಕ್ಕೆ ಅರ್ಥವೇ ಇಲ್ಲದಂತಾಗುತ್ತದೆ. ನೀರು ಬೇಡದ ಗದ್ದೆಗೆ ನೀರು ಸುರಿದು ಒಂದು ವರ್ಷದ ಅನ್ನ ಕಳೆದುಕೊಂಡೆ ಎಂದು ಅವರಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ನಾನು ಸಾಯುವ ತನಕ ಅವರ ಮುಖ ನೋಡಬೇಕು. ಬಿಸಿಲು ಜಾಸ್ತಿಯಾಯಿತು ಅಣ್ಣಾ ಎಂದು ಏನೋ ಅಂದು ಬಂದುಬಿಟ್ಟೆ.

ಏಪ್ರಿಲ್ 14

ಇವರು ಈಗ ಒರಗಿ ಕೂರುತ್ತಾರೆ. ಮೊಹಿದ್ದೀನಣ್ಣನ ನೀರಿನ ವಿಷಯ ಕೇಳಿ ಕಣ್ಣೀರು ಹಾಕಿದರು. ನೋಡಲು ಬಂದವರಿಗೆಲ್ಲ ಅದೇ ಹೇಳುತ್ತಾರೆ: ನಾನು ಮಲಗಿದ್ದಾಗ ನನ್ನ ಗದ್ದೆ ಕಾದವನು ಅವನು, ಒಡಹುಟ್ಟಿದವರೂ ಹಾಗೆ ಮಾಡುವುದಿಲ್ಲ. ಊರಲ್ಲಿ ಅದೊಂದು ದೊಡ್ಡ ಮಾತಾಗಿದೆ. ನಾನು ಬೇಕೆಂದೇ ಒಣಗಿಸಿದ ಸಂಗತಿಯನ್ನು ಮಾತ್ರ ಹೊರಗೆ ಆಡುವುದಿಲ್ಲ. ಮನೆಯ ಮರ್ಯಾದೆಯಂತೆ. ಒಬ್ಬಳ ಸುಳ್ಳು ಈಗ ಇಬ್ಬರದಾಯಿತು.

ಪೈಪಿನೊಳಗೆ ಬಗ್ಗಿ ನೋಡಿ ಎಷ್ಟು ದಿನವಾಯಿತೋ. ಬೆಳಿಗ್ಗೆ ಹೋದ ಕೂಡಲೇ ಕಣ್ಣು ಕೆಳಗಿನ ಗದ್ದೆಗೆ ಹೋಗುತ್ತದೆ. ಎಲ್ಲೋ ಒಂದೆರಡು ತೆನೆ ಬಾಗಿದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಗಾಳಿ.

ಏಪ್ರಿಲ್ 20

ನಮ್ಮ ಗದ್ದೆ ತೆನೆ ಹೊರಟಿದೆ. ನೀರು ನಿಲ್ಲಿಸಿದ್ದೇನೆ. ಚೆನ್ನಾಗಿದೆ.

ಏಪ್ರಿಲ್ 27

ಮೊಹಿದ್ದೀನಣ್ಣ ಒಬ್ಬರೇ ಗದ್ದೆ ಕೊಯ್ಯುತ್ತಿದ್ದರು. ಭತ್ತಕ್ಕಲ್ಲ, ಎಮ್ಮೆಯ ಮೇವಿಗೆ. ಯಂತ್ರ ಕರೆಸಿದರೆ ಅದರ ಖರ್ಚೂ ಹುಟ್ಟುವುದಿಲ್ಲ ಎಂದು ಕುಡುಗೋಲು ಹಿಡಿದಿದ್ದಾರೆ. ನೋಡಲಾಗಲಿಲ್ಲ. ಇಳಿದು ಹೋಗಿ ಹೇಳಿದೆ. ನಮ್ಮ ಗದ್ದೆ ನೀರಿಲ್ಲದೆ ಒಣಗಿದ್ದಲ್ಲ, ನಾನೇ ಒಣಗಿಸಿದ್ದು, ಬೇಕೆಂದು ಒಣಗಿಸಿದ್ದು ಎಂದೆ.

ಕುಡುಗೋಲು ನಿಲ್ಲಲಿಲ್ಲ. ಇನ್ನೂ ಎರಡು ಹಿಡಿ ಕೊಯ್ದರು. ಆಮೇಲೆ ನೆಟ್ಟಗೆ ನಿಂತು ಕೇಳಿದರು.

"ಮತ್ತೆ ನಿಮ್ ಪಾಳಿ ನೀರು?"

ಮುಂದಕ್ಕೆ ಬಿಟ್ಟೆ, ಅಡಿಕೆ ತೋಟಗಳಿಗೆ ಹೋಯಿತು ಎಂದೆ.

ಕೊಯ್ದ ಪೈರನ್ನು ನೋಡುತ್ತಿದ್ದರು.

"ನಿಮ್ಗೆ ಬೇಡದಿದ್ ನೀರು ಅಲ್ಲೇ ಕಾಲುವೇಲಿ ಹರ್ದು ಹೋಯ್ತು. ನಾನು ಇಲ್ಲಿ ನಿಂತಿದ್ದೆ. ನನ್ನ ಒಂದ್ ಮಾತು ಕೇಳೋಕೆ ಏನಾಗಿತ್ತಮ್ಮ?"

ಹಳ್ಳದ ಮೋಟರಿದೆ ಅಂದುಕೊಂಡೆ ಎನ್ನಲು ಹೊರಟೆ. ಆ ಮಾತು ಬಾಯಿಗೆ ಬರುವ ಮೊದಲೇ ನನಗೇ ಅಸಹ್ಯವಾಯಿತು. ಅವರು ಬಗ್ಗಿ ಕೊಯ್ಯಲು ಶುರು ಮಾಡಿದರು. ನಾನು ಅಲ್ಲಿಲ್ಲವೇನೋ ಎಂಬಂತೆ ಕೊಯ್ದುಕೊಂಡು ಆ ಕಡೆ ಹೋದರು.

ನಾನು ನೀರು ಉಳಿಸಿದೆ ಅಂದುಕೊಂಡಿದ್ದೆ.

ಮೇ 18

ಭತ್ತದ ಯೋಜನೆಯವರ ಕ್ಷೇತ್ರೋತ್ಸವ ಆಯಿತು, ಬೆಳೆಯನ್ನು ಊರ ರೈತರಿಗೆ ತೋರಿಸುವ ದಿನ. ಕೊಯ್ಲಿಗೆ ಬಂದ ನಮ್ಮ ಗದ್ದೆಯ ಬದುವಿನ ಮೇಲೆ ಶಾಮಿಯಾನ, ಕುರ್ಚಿ, ಬ್ಯಾನರು. ತರೀಕೆರೆಯಿಂದ ಅಧಿಕಾರಿಗಳು ಬಂದಿದ್ದರು. ಇವರನ್ನು ಕುರ್ಚಿಯಲ್ಲಿ ಕೂರಿಸಿ ತಂದಿದ್ದೆವು. ಮೊಹಿದ್ದೀನಣ್ಣ ಕೊನೆಯ ಸಾಲಿನಲ್ಲಿದ್ದರು. ಅವರ ಪಕ್ಕದಲ್ಲಿ ಶಾಕಿರಾ. ಬರುತ್ತಾರೆಂದು ನಾನು ಎಣಿಸಿರಲಿಲ್ಲ.

ನಿಶ್ಚಿತಾಗೆ ಎಲ್ಲ ಮೊದಲೇ ಹೇಳಿದ್ದೆ. ಹೊರಗಿನ ನೀರು ಬಿದ್ದದ್ದನ್ನೂ ಸೇರಿಸಿಯೇ ಅವಳು ಲೆಕ್ಕ ಓದಿದಳು. ಹಾಗಿದ್ದರೂ, ಮಾದರಿಗೆ ಕೊಯ್ದು ತೂಗಿದ ಇಳುವರಿ ಎಂದಿನದಕ್ಕಿಂತ ಒಂದು ಕೈ ಮೇಲೆ. ಚಪ್ಪಾಳೆಯಾಯಿತು. ಆಮೇಲೆ ಮೈಕು ನನ್ನ ಕೈಗೆ ಕೊಟ್ಟು, ನೀರು ಹೇಗೆ ಉಳಿಸಿದಿರಿ ಹೇಳಿ ಎಂದರು ಒಬ್ಬರು ಸಾಹೇಬರು.

"ಈ ಪೈಪು ಸುಳ್ಳು ಹೇಳೋದಿಲ್ಲ, ನಂಬಬಹುದು" ಎಂದೆ. "ಆದರೆ ನೀರು ನಾನು ಉಳಿಸಲಿಲ್ಲ. ನಂಗೆ ಬೇಡ ಅಂತ ಬಿಟ್ಟೆ, ಅಷ್ಟೇ. ಅದು ಬೇಕಾಗಿದ್ದವ್ರು ನನ್ ಕೆಳಗೇ ಇದ್ರು. ಅವ್ರ ಬೆಳೆ ಹೋಯ್ತು. ಅವ್ರ ಪಾಲಿನ ಹಳ್ಳದ ನೀರೂ ನನ್ ಗದ್ದೇಲೇ ಇಂಗೋಯ್ತು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇವರು ತಲೆ ಎತ್ತಲಿಲ್ಲ. ಜನ ಹಿಂದಕ್ಕೆ ತಿರುಗಿ ಮೊಹಿದ್ದೀನಣ್ಣನನ್ನು ನೋಡಿದರು. ಇಷ್ಟು ದಿನ ಅವರನ್ನು ಹೊಗಳಿದವರೇ ಈಗ ಅಯ್ಯೋ ಪಾಪ ಎನ್ನುವ ಕಣ್ಣಲ್ಲಿ ನೋಡಿದರು. ಒಬ್ಬ ನಕ್ಕೂಬಿಟ್ಟ. ಮೊಹಿದ್ದೀನಣ್ಣ ಎದ್ದು ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ನಿಜ ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವರ ಮರ್ಯಾದೆಯನ್ನು ನಾಲ್ಕು ಜನರ ಮುಂದೆ ನಾನೇ ಕಳೆದೆ.

ಮೇ 23

ಬಂದ ಭತ್ತದಲ್ಲಿ ಅರ್ಧವನ್ನು ಟ್ರಾಕ್ಟರಿಗೆ ಹಾಕಿಸಿ ಅವರ ಮನೆಗೆ ಕೊಂಡೊಯ್ದೆ. ಮೊಹಿದ್ದೀನಣ್ಣ ಒಳಗಿದ್ದರು, ಹೊರಗೆ ಬರಲಿಲ್ಲ. ವಾಪಸು ಕಳಿಸುತ್ತಾರೆಂದು ಹೆದರಿದ್ದೆ. ಶಾಕಿರಾ ಇಳಿಸಿಕೊಂಡರು. ಉಪಕಾರ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಇಳಿಸಿದ ಮೇಲೆ ಒಂದೇ ಮಾತು: "ಮುಂದಿನ ಬೆಳೆಗೂ ನಾವು ನಿಮ್ ಮಡೆ ಕಾಯ್ತಾ ಕೂರ್ಬೇಕಾ?"

ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದೆ.

ಜೂನ್ 9

ನಮ್ಮ ಗದ್ದೆಯ ಅಂಚಿನಲ್ಲಿ, ಕಾಲುವೆಯಿಂದ ಕೆಳಗಿನ ಗದ್ದೆಗೆ ನೇರವಾಗಿ ಒಂದು ಸಣ್ಣ ಕಾಲುವೆ ತೆಗೆಯೋಣ ಎಂದೆ. ನಮ್ಮದು ಒಣಗಿರಲಿ ತುಂಬಿರಲಿ, ಅವರ ನೀರು ಅವರಿಗೆ ಹೋಗುತ್ತದೆ. ಇವರು ಹೌಹಾರಿದರು. ಅಪ್ಪನ ಕಾಲದ ಗದ್ದೆ ಸೀಳುತ್ತೀಯಾ, ಅಷ್ಟು ನೆಲ ಹೋಗುತ್ತದೆ ಎಂದರು. ಮೊಹಿದ್ದೀನ ಒಡಹುಟ್ಟಿದವನಿಗಿಂತ ಹೆಚ್ಚು ಎಂದು ಊರಿಗೆಲ್ಲ ಸಾರಿದ ಮನುಷ್ಯನ ಬಾಯಿಂದ ಈ ಮಾತು ಬಂದದ್ದು ಕೇಳಿ ನಾನು ದಂಗಾದೆ.

"ಹೊಗಳೋಕೆ ನೆಲ ಬೇಕಾಗಿರ್ಲಿಲ್ಲ. ಅದಕ್ಕೇ ಅಷ್ಟು ಹೊಗಳಿದ್ರಿ ಕಣ್ರೀ" ಎಂದೆ.

ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದರು.

ಜೂನ್ 12

ಬೆಳಿಗ್ಗೆ ಕೋಲು ಕೇಳಿದರು. ಚಪ್ಪಲಿ ಕೇಳಿದರು. ಗದ್ದೆಯವರೆಗೂ ನನ್ನ ಹೆಗಲು ಹಿಡಿದು ನಡೆದು, ಬದುವಿನ ಮೇಲೆ ಕೂತು ಹೊಸ ಕಾಲುವೆಯ ಅಳತೆಗೆ ದಾರ ಹಿಡಿಸಿದರು. ನಾನು ಅಂದುಕೊಂಡದ್ದಕ್ಕಿಂತ ಒಂದು ಗೇಣು ಅಗಲವಾಗಿಯೇ ಹಿಡಿಸಿದರು.

ಆಗಸ್ಟ್ 3

ನಾಲೆಗೆ ನೀರು ಬಂತು.

ಇವತ್ತು ನಮ್ಮ ಗದ್ದೆಗೂ ಕೆಳಗಿನ ಗದ್ದೆಗೂ ಪಾಳಿ. ಕಾಲುವೆಯ ಹತ್ತಿರ ನಾನು, ಕೋಲು ಊರಿಕೊಂಡು ಇವರು. ಹೊಸ ಕಾಲುವೆಯ ಕೊನೆಯಲ್ಲಿ, ಅವರ ಬದುವಿನ ಮೇಲೆ, ಮೊಹಿದ್ದೀನಣ್ಣ ಸನಿಕೆ ಹಿಡಿದು ನಿಂತಿದ್ದರು. ಜೊತೆಗೆ ಶಾಕಿರಾ. ಹೇಳಿ ಕಳಿಸಿದ್ದೆ. ಬಂದಿದ್ದರು, ಅಷ್ಟೇ. ಕ್ಷೇತ್ರೋತ್ಸವದ ದಿನದಿಂದ ಮೊಹಿದ್ದೀನಣ್ಣ ನನ್ನ ಜೊತೆ ಮಾತಾಡಿಲ್ಲ.

ಎರಡೂ ಬಾಯಿ ಒಟ್ಟಿಗೇ ಬಿಟ್ಟೆ. ಹೊಸ ಕಾಲುವೆ ಇಳಿಜಾರು, ನಮ್ಮ ಗದ್ದೆ ಎತ್ತರ. ನಮ್ಮ ಕಡೆ ನೀರು ತೆವಳುತ್ತಿರುವಾಗಲೇ ಅವರ ಕಡೆ ಸರಸರನೆ ಓಡಿತು. ನಮ್ಮದು ಇನ್ನೂ ಪೂರ್ತಿ ನೆನೆದಿರಲಿಲ್ಲ, ಅವರ ಗದ್ದೆಗೆ ನೀರು ಧುಮುಕಿತು.

ಮೊಹಿದ್ದೀನಣ್ಣ ಅದನ್ನು ನೋಡಿದರು. ತಲೆಯೆತ್ತಿ ನಮ್ಮ ಗದ್ದೆ ನೋಡಿದರು. ಮತ್ತೆ ತಮ್ಮದನ್ನು ನೋಡಿದರು. ಆಮೇಲೆ ಬಗ್ಗಿ, ಒಂದು ಸನಿಕೆ ಮಣ್ಣು ತೆಗೆದು ತಮ್ಮದೇ ಗದ್ದೆಯ ಬಾಯಿಗೆ ಹಾಕಿದರು. ಇನ್ನೊಂದು ಹಾಕಿದರು. ನೀರು ಅಲ್ಲೇ ತಡೆದು ನಿಂತು ಮೇಲಕ್ಕೆ ಒತ್ತತೊಡಗಿತು. ನನ್ನ ಮೇಲೆ ಅಷ್ಟು ಸಿಟ್ಟಿದ್ದರೂ ಆ ಮನುಷ್ಯನಿಗೆ ನಮಗಿಂತ ಮೊದಲು ನೀರು ಕುಡಿಸಲು ಕೈ ಬರುತ್ತಿಲ್ಲ ಎಂದು ನನಗೆ ಆಗ ಹೊಳೆಯಿತು.

"ಬಿಡಿ ಮೊಹಿದ್ದೀನಣ್ಣ, ಹೋಗ್ಲಿ" ಎಂದು ಕೂಗಿದೆ. ಇವರೂ ಕೂಗಿದರು. ಅವರಿಗೆ ಕೇಳಿಸಿತು. ಆದರೂ ಸನಿಕೆ ಹಿಡಿದುಕೊಂಡು ಹಾಗೇ ನಿಂತಿದ್ದರು.

ಶಾಕಿರಾ ಅವರ ಕೈಯಿಂದ ಸನಿಕೆ ತೆಗೆದುಕೊಂಡರು. ಸೆರಗು ಬಿಗಿದು, ಕೆಸರಿಗೆ ಇಳಿದು, ಆ ಮಣ್ಣನ್ನು ಕಿತ್ತು ಪಕ್ಕಕ್ಕೆ ಹಾಕಿದರು.

ಅವರ ಗದ್ದೆ ಬೆಳಿಗ್ಗೆಯೇ ತುಂಬಿತು. ನಮ್ಮದು ತುಂಬುವಾಗ ಮಧ್ಯಾಹ್ನವಾಗಿತ್ತು.